ಗುಂಡು ಅಡ್ಡ ಬಿದ್ದಾಗ: ಬ್ಯಾರೆಲ್ ಟ್ವಿಸ್ಟಿಗೂ ಬೇಟೆ ಗುಂಡಿಗೂ ಹೊಂದದಿರುವುದನ್ನು ಪತ್ತೆ ಹಚ್ಚುವುದು

ಅದೇ ರೈಫಲ್, ಅದೇ ಸ್ಕೋಪ್, ಅದೇ ಕೈ. ಬೇರೆ ಡಬ್ಬಿಯ ತೋಟಾ ಹಾಕಿದ ಕೂಡಲೇ ಗ್ರೂಪ್ ಒಡೆದುಹೋಗುತ್ತದೆ. 100 ಗಜಕ್ಕೆ ಒಂದೂವರೆ ಇಂಚಿನೊಳಗೆ ಕೂರುತ್ತಿದ್ದ ಗುಂಡುಗಳು ಈಗ ಎಂಟು ಇಂಚು ಚದುರುತ್ತವೆ. ಹತ್ತಿರ ಹೋಗಿ ನೋಡಿದರೆ ಕೆಲವು ತೂತು ದುಂಡಗಿಲ್ಲ, ಮೊಟ್ಟೆಯಾಕಾರ. ಒಂದೆರಡು ಕಡೆ ಗುಂಡು ಪೂರ್ತಿ ಮಲಗಿಕೊಂಡೇ ಕಾಗದ ದಾಟಿದ ಗುರುತು. ಇದಕ್ಕೆ ಶೂಟರ್‌ಗಳು ಕೀಹೋಲ್ ಅನ್ನುತ್ತಾರೆ.

ಹೀಗಾದಾಗ ಜಾಸ್ತಿ ಜನ ಮೊದಲು ಬೈಯುವುದು ತೋಟಾ ಮಾಡಿದವರನ್ನು. ಆಮೇಲೆ ಸ್ಕೋಪನ್ನು. ಟ್ವಿಸ್ಟ್ ಕಡೆ ಗಮನ ಹೋಗುವುದು ಕೊನೆಗೆ. ಅಲ್ಲಿಗೆ ಹೋದವರೂ ಗುಂಡಿನ ತೂಕ ಹಿಡಿದುಕೊಂಡು ಲೆಕ್ಕ ಹಾಕುತ್ತಾರೆ. ದಾರಿ ತಪ್ಪುವುದು ಅಲ್ಲೇ. ಟ್ವಿಸ್ಟ್ ಸಾಕೋ ಸಾಲದೋ ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ಗುಂಡಿನ ಉದ್ದ, ತೂಕವಲ್ಲ. ಈ ಬರಹದಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ.

ಟ್ವಿಸ್ಟ್ ಅಂದರೆ ಬ್ಯಾರೆಲ್ ಒಳಗಿನ ತಿರುಚು ಗೀರುಗಳು ಒಂದು ಪೂರ್ತಿ ಸುತ್ತು ಬರಲು ಎಷ್ಟು ಉದ್ದ ಬೇಕು ಎಂಬ ಅಳತೆ. 1:10 ಅಂದರೆ 10 ಇಂಚಿಗೆ ಒಂದು ಸುತ್ತು. 1:12 ಅಂದರೆ 12 ಇಂಚಿಗೆ ಒಂದು. ಸಂಖ್ಯೆ ಚಿಕ್ಕದಾದಷ್ಟೂ ಗುಂಡು ಜೋರಾಗಿ ತಿರುಗುತ್ತದೆ. ಅದಕ್ಕೇ 1:8ಕ್ಕೆ ವೇಗದ ಟ್ವಿಸ್ಟ್, 1:14ಕ್ಕೆ ನಿಧಾನದ ಟ್ವಿಸ್ಟ್ ಎಂಬ ಮಾತು. ಚೂಪು ಮೂತಿಯ ಗುಂಡಿನಲ್ಲಿ ಭಾರವೆಲ್ಲ ಹಿಂದಿರುತ್ತದೆ, ಗಾಳಿ ತಳ್ಳುವುದು ಮುಂದೆ. ತಿರುಗದೆ ಹೋದರೆ ಅದು ಪಲ್ಟಿ ಹೊಡೆಯಲೇಬೇಕು. ಬುಗುರಿ ಸುತ್ತುವಷ್ಟು ಹೊತ್ತು ನೆಟ್ಟಗೆ ನಿಂತು, ಸುತ್ತು ಸಾಲದಾದಾಗ ತೂರಾಡಿ ಬೀಳುತ್ತದಲ್ಲ, ಹಾಗೆ. ಗುಂಡು ಉದ್ದವಾದಷ್ಟೂ ಗಾಳಿಗೆ ಅದನ್ನು ಮಗುಚಲು ಹಿಡಿತ ಜಾಸ್ತಿ ಸಿಗುತ್ತದೆ. ಅದನ್ನು ನೆಟ್ಟಗಿಡಲು ಸುತ್ತೂ ಜಾಸ್ತಿ ಬೇಕು.

ಟ್ವಿಸ್ಟ್ ಮೇಲೆ ಹಾಕುವ ಮೊದಲು

ಕೀಹೋಲ್ ಕಂಡ ಕೂಡಲೇ ಟ್ವಿಸ್ಟೇ ಎಂದು ಹಾರಬೇಡಿ. ಒಂದು ಪ್ರಶ್ನೆ ಕೇಳಿಕೊಳ್ಳಿ: ಎಲ್ಲ ಬಗೆಯ ಗುಂಡೂ ಹೀಗಾಗುತ್ತಿದೆಯಾ, ಒಂದೇ ಬಗೆಯದಾ? ಒಂದೇ ಬಗೆಯದಾದರೆ ಟ್ವಿಸ್ಟ್ ಮೇಲೆ ಅನುಮಾನ ಪಡಬಹುದು. ಮುಂಚೆ ಚೆನ್ನಾಗಿ ಹೊಡೆಯುತ್ತಿದ್ದ ಗುಂಡೂ ಈಗ ಅಡ್ಡ ಬೀಳುತ್ತಿದ್ದರೆ ಬ್ಯಾರೆಲ್ಲಿಗೇ ಏನೋ ಆಗಿದೆ. ಟ್ವಿಸ್ಟ್ ತಾನಾಗಿ ಬದಲಾಗುವುದಿಲ್ಲ.

ಎಲ್ಲ ಗುಂಡಿಗೂ ತೊಂದರೆ ಇದ್ದರೆ ನೋಡಬೇಕಾದ್ದು ಇಷ್ಟು. ಬ್ಯಾರೆಲ್ ಒಳಗೆ ತಾಮ್ರ ಅಥವಾ ಸೀಸ ದಪ್ಪಗೆ ಕಟ್ಟಿದೆಯಾ? ತಾಮ್ರ ಕರಗಿಸುವ ದ್ರಾವಣ ಹಾಕಿ ಉಜ್ಜಿ, ಪ್ಯಾಚ್ (ಉಜ್ಜುವ ಬಟ್ಟೆ ಚೂರು) ನೀಲಿ ಬರುವುದು ನಿಲ್ಲುವ ತನಕ. ಕ್ರೌನ್, ಅಂದರೆ ಬ್ಯಾರೆಲ್ ತುದಿಯ ಅಂಚು, ಏಟು ತಿಂದಿದೆಯಾ? ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ತುದಿಯಿಂದ ಒಳಗೆ ತೂರಿಸಿ, ಅಂಚಿಗೆ ಒತ್ತಿ ಹಿಡಿದು ಹೊರಗೆ ಎಳೆಯಿರಿ. ಸುತ್ತಲೂ ಹೀಗೆ ಮಾಡುತ್ತಾ ಬನ್ನಿ. ಎಲ್ಲಾದರೂ ಒಂದೇ ಜಾಗದಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳೆದ್ದಿದೆ. ಕಣ್ಣಿಗೆ ಕಾಣದ್ದು ಹತ್ತಿಗೆ ಸಿಗುತ್ತದೆ.

ಬ್ಯಾರೆಲ್ ತುದಿಗೆ ಮಝಲ್ ಬ್ರೇಕ್ (ಕೋವಿಯ ಒದೆತ ತಗ್ಗಿಸುವ ತುಂಡು) ಅಥವಾ ಸೈಲೆನ್ಸರ್ ಹಾಕಿದ್ದರೆ ಬಿಚ್ಚಿ, ಒಳಗೆ ಗುಂಡು ಸವರಿದ ಗೆರೆ ಇದೆಯಾ ನೋಡಿ. ಸ್ವಲ್ಪ ಸೊಟ್ಟ ಕೂತಿದ್ದರೂ ಗುಂಡಿನ ಪಕ್ಕೆ ತಾಗಿ ಅಡ್ಡ ತಿರುಗುತ್ತದೆ. ಟ್ವಿಸ್ಟ್ ಸಾಲದೆ ತೂರಾಡುತ್ತಿರುವ ಗುಂಡು ಕೂಡ ಸೈಲೆನ್ಸರ್ ಒಳಗಿನ ತಟ್ಟೆಗಳಿಗೆ ತಾಗಬಹುದು. ಅನುಮಾನ ಇರುವ ತನಕ ಅದನ್ನು ಬಿಚ್ಚಿಟ್ಟೇ ಪರೀಕ್ಷೆ ಮಾಡಿ. ಇದು ತಮಾಷೆಯ ವಿಷಯ ಅಲ್ಲ.

ಇನ್ನೊಂದು ಕಾರಣ ಗುಂಡಿನ ವ್ಯಾಸವೇ ಕಮ್ಮಿ ಇರುವುದು. ಹಳೆಯ .303 ಬ್ರಿಟಿಷ್ ಬ್ಯಾರೆಲ್ಲಿಗೆ ಬೇಕಾದ್ದು .311 ಅಥವಾ .312 ಇಂಚಿನ ಗುಂಡು. ತಾವೇ ತೋಟಾ ತುಂಬುವವರು ಅದಕ್ಕೆ .308 ಗುಂಡು ಕೂರಿಸಿದರೆ ಅದು ಗೀರುಗಳನ್ನು ಸರಿಯಾಗಿ ಹಿಡಿಯದೆ ಜಾರಿ ಹೋಗುತ್ತದೆ. ತಿರುಗಿಸುವ ಹಿಡಿತವೇ ಇಲ್ಲದ ಮೇಲೆ ಟ್ವಿಸ್ಟ್ ಎಷ್ಟಿದ್ದರೇನು? 8 ಮಿ.ಮೀ. ಮೌಸರ್‌ನಲ್ಲಿ ಇದಕ್ಕೆ ತಿರುಗಾದ ಅಪಾಯ ಇದೆ. ಹಳೆಯ ಬ್ಯಾರೆಲ್ .318, ಆಮೇಲಿನದು .323. ದಪ್ಪ ಗುಂಡನ್ನು ಸಣ್ಣ ಬ್ಯಾರೆಲ್ಲಿಗೆ ಹಾಕಿದರೆ ಒತ್ತಡ ಮಿತಿ ಮೀರುತ್ತದೆ. ಸಂಶಯ ಇದ್ದರೆ ಮೆತ್ತನೆಯ ಸೀಸದ ತುಂಡೊಂದನ್ನು ಬ್ಯಾರೆಲ್ ಉದ್ದಕ್ಕೂ ತಳ್ಳಿ ತೆಗೆದು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಬರದಿದ್ದರೆ ಕೋವಿ ರಿಪೇರಿ ಮಾಡುವವರ ಕೈಲಿ ಮಾಡಿಸಿ.

ಚೇಂಬರಿನ ಮುಂದಿನ ಭಾಗ ಸುಟ್ಟು ಸವೆದಿದ್ದರೂ, ಸ್ಟಾಕಿನ ಸ್ಕ್ರೂ ಸಡಿಲವಾಗಿದ್ದರೂ ಗ್ರೂಪ್ ಕೆಡುತ್ತದೆ. ಸ್ಕ್ರೂ ಮತ್ತು ಸ್ಕೋಪ್ ಮೌಂಟ್ ಸಡಿಲವಾದರೆ ಗುಂಡು ಚದುರುತ್ತದೆ, ಅಷ್ಟೇ. ತೂತು ಮಾತ್ರ ದುಂಡಗೇ ಇರುತ್ತದೆ. ಈ ವ್ಯತ್ಯಾಸ ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ಕಾಗದ ಓದುವುದು

ಟಾರ್ಗೆಟ್ ಕಾಗದವನ್ನು ಸುಮ್ನೆ ಎರಡು ಪಿನ್ ಚುಚ್ಚಿ ಗಾಳಿಗೆ ಬಿಟ್ಟರೆ ಅದು ಹೇಳುವುದನ್ನು ನಂಬಲಾಗುವುದಿಲ್ಲ. ಹಿಂದೆ ಗಟ್ಟಿ ರಟ್ಟು ಇಟ್ಟು ನಾಲ್ಕೂ ಅಂಚು ಬಿಗಿಯಿರಿ. ಗುಂಡು ಬರುವ ದಾರಿಗೆ ನೇರವಾಗಿ ನಿಲ್ಲಿಸಿ. ಕಾಗದ ಓರೆ ನಿಂತಿದ್ದರೆ ನೆಟ್ಟಗೆ ಬಂದ ಗುಂಡೂ ಮೊಟ್ಟೆಯಾಕಾರದ ತೂತು ಮಾಡುತ್ತದೆ. ಈ ಒಂದು ಕಾರಣಕ್ಕೆ ಒಳ್ಳೆಯ ತೋಟಾ ಮೇಲೆ ಅಪವಾದ ಬರುವುದುಂಟು.

ಸರಿಯಾಗಿ ಬಂದ ಗುಂಡಿನ ತೂತು ದುಂಡಗಿರುತ್ತದೆ. ಅಂಚಿನ ಸುತ್ತ ಬೂದು ಬಣ್ಣದ ತೆಳು ಉಂಗುರ, ಎಲ್ಲ ಕಡೆ ಒಂದೇ ದಪ್ಪ. ಅದು ಗುಂಡಿನ ಮೈ ಮೇಲಿನ ಮಸಿ. ಆ ಉಂಗುರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಗುಂಡು ಸ್ವಲ್ಪ ವಾಲಿಕೊಂಡು ಬಂದಿದೆ. ತೂತು ಮೊಟ್ಟೆಯಾಕಾರ ಆದರೆ ಇನ್ನಷ್ಟು ವಾಲಿದೆ. ಗುಂಡಿನ ಅಡ್ಡ ನೋಟವೇ ಕತ್ತರಿಸಿಟ್ಟ ಹಾಗೆ ಕಂಡರೆ ಪೂರ್ತಿ ಪಲ್ಟಿ ಹೊಡೆದಿದೆ.

ಒಂದೇ ದೂರದಲ್ಲಿ ನೋಡಿ ತೀರ್ಪು ಕೊಡಬೇಡಿ. 25, 50, 100, ಜಾಗ ಇದ್ದರೆ 200 ಗಜದಲ್ಲಿ ಬೇರೆ ಬೇರೆ ಕಾಗದಕ್ಕೆ ಹೊಡೆದು ಸಾಲಾಗಿ ಇಟ್ಟು ನೋಡಿ. ಎಲ್ಲ ಸರಿ ಇರುವ ಗುಂಡೂ ಬ್ಯಾರೆಲ್ ಬಿಟ್ಟ ಮೇಲೆ ಸ್ವಲ್ಪ ದೂರ ಓಲಾಡುತ್ತದೆ, ಆಮೇಲೆ ತಣ್ಣಗಾಗುತ್ತದೆ. ಆದ್ದರಿಂದ 25 ಗಜದಲ್ಲಿ ಚೂರು ವಾಲಿ, 100ರಲ್ಲಿ ದುಂಡಗಾದರೆ ಚಿಂತೆ ಬೇಡ. 25ರಲ್ಲಿ ಚೂರು, 50ರಲ್ಲಿ ಜಾಸ್ತಿ, 100ರಲ್ಲಿ ಮಲಗಿದ್ದರೆ ಟ್ವಿಸ್ಟ್ ಸಾಲುತ್ತಿಲ್ಲ. 25 ಗಜದಲ್ಲೇ ಪೂರ್ತಿ ಅಡ್ಡ ಬಿದ್ದಿದ್ದರೆ ಟ್ವಿಸ್ಟ್ ತೀರಾ ಕಮ್ಮಿ, ಇಲ್ಲವೇ ಮೇಲೆ ಹೇಳಿದ ವ್ಯಾಸದ ಅಥವಾ ಬ್ರೇಕಿಗೆ ತಾಗುವ ಸಮಸ್ಯೆ.

ಕೀಹೋಲ್ ಕಾಣಿಸುವ ತನಕ ತೊಂದರೆ ಇಲ್ಲ ಅಂತಲೂ ಅಂದುಕೊಳ್ಳಬೇಡಿ. ಅಂಚಿನಲ್ಲಿ ಬದುಕುವ ಗುಂಡುಗಳಿವೆ. ತೂತು ದುಂಡಗೇ ಇರುತ್ತದೆ, ಗ್ರೂಪ್ ಕೂಡ ಪರವಾಗಿಲ್ಲ. ಆದರೆ ಗಾಳಿಯಲ್ಲಿ ಸ್ವಲ್ಪ ವಾಲಿ ಓಡುವುದರಿಂದ ವೇಗ ಬೇಗ ಕಳೆದುಕೊಳ್ಳುತ್ತದೆ. ಡಬ್ಬಿ ಮೇಲೆ ಬರೆದ ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್ (ಗುಂಡು ಗಾಳಿಯನ್ನು ಎಷ್ಟು ಚೆನ್ನಾಗಿ ಸೀಳುತ್ತದೆ ಎಂಬ ಅಂಕ) ಹಿಡಿದು 400 ಗಜಕ್ಕೆ ಲೆಕ್ಕ ಹಾಕಿದರೆ ಗುಂಡು ಕೆಳಗೆ ಬೀಳುತ್ತದೆ. ಸ್ಕೋಪಿನ ಕ್ಲಿಕ್ ಸರಿ, ವೇಗ ಅಳೆದದ್ದು ಸರಿ, ದೂರ ಹೋದ ಹಾಗೆ ಮಾತ್ರ ಲೆಕ್ಕ ತಪ್ಪುತ್ತಿದೆ ಅಂದರೆ ಈ ಕಡೆಯೂ ಒಮ್ಮೆ ನೋಡಿ.

ಟ್ವಿಸ್ಟ್ ಅಳೆಯುವುದು

ಬ್ಯಾರೆಲ್ ಮೇಲೆ ಬರೆದದ್ದನ್ನೋ ಕಂಪನಿಯ ಪಟ್ಟಿಯನ್ನೋ ನಂಬಿ ಕೂರಬೇಡಿ. ಒಂದೇ ಮಾಡೆಲ್ ಬೇರೆ ಬೇರೆ ವರ್ಷ ಬೇರೆ ಟ್ವಿಸ್ಟಿನಲ್ಲಿ ಬಂದಿರಬಹುದು. ಹಳೇ ಕೋವಿಗೆ ಯಾರೋ ಬ್ಯಾರೆಲ್ ಬದಲಿಸಿರಬಹುದು. ಅಳೆಯಲು ಬೇಕಾದ್ದು ಕ್ಲೀನಿಂಗ್ ರಾಡ್, ಅದರ ತುದಿಯಲ್ಲಿ ಬಟ್ಟೆ ಹಿಡಿಯುವ ಜ್ಯಾಗ್, ಪ್ಯಾಚ್, ತೆಳ್ಳನೆ ಟೇಪ್, ಅಳತೆಪಟ್ಟಿ. ರಾಡಿನ ಹಿಡಿ ಒಳಗೆ ಬೇರಿಂಗ್ ಇದ್ದು ರಾಡ್ ಸಲೀಸಾಗಿ ತಿರುಗಬೇಕು. ತಿರುಗದ ರಾಡಿನಲ್ಲಿ ಈ ಕೆಲಸ ಆಗುವುದಿಲ್ಲ.

ಮೊದಲು ಮ್ಯಾಗಜಿನ್ ತೆಗೆಯಿರಿ. ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿ. ಬೋಲ್ಟ್ ಹೊರಗೆ ತೆಗೆಯಿರಿ. ಜ್ಯಾಗಿಗೆ ಪ್ಯಾಚ್ ಸುತ್ತಿ, ಚೂರು ಬಲ ಹಾಕಿದರೆ ಮಾತ್ರ ಸರಿಯುವಷ್ಟು ಬಿಗಿ ಮಾಡಿ. ಹಿಂದಿನಿಂದ ಎಂಟು ಹತ್ತು ಇಂಚು ಒಳಗೆ ತಳ್ಳಿ. ಈಗ ರಾಡಿನ ಮೇಲೆ ಹಿಡಿಯ ಹತ್ತಿರ ಒಂದು ಟೇಪ್ ಚೂರನ್ನು ಬಾವುಟದ ಹಾಗೆ ಅಂಟಿಸಿ, ಅದು ನೆಟ್ಟಗೆ ಮೇಲೆ ನೋಡುತ್ತಿರಲಿ. ರಾಡ್ ಆಕ್ಷನ್ (ಬೋಲ್ಟ್ ಕೂರುವ ಭಾಗ) ಒಳಗೆ ಹೋಗುವ ಜಾಗದಲ್ಲಿ ಪೆನ್ಸಿಲ್ ಗೆರೆ ಹಾಕಿ. ಆಮೇಲೆ ನಿಧಾನಕ್ಕೆ ತಳ್ಳಿ. ಬಾವುಟ ವಾಲುತ್ತದೆ, ಕೆಳಗೆ ಹೋಗುತ್ತದೆ, ಇನ್ನೊಂದು ಕಡೆಯಿಂದ ಮೇಲೆ ಬಂದು ಮತ್ತೆ ನೆಟ್ಟಗಾಗುತ್ತದೆ. ಅಲ್ಲಿ ನಿಲ್ಲಿಸಿ, ಅದೇ ಜಾಗದಲ್ಲಿ ಇನ್ನೊಂದು ಗೆರೆ ಹಾಕಿ. ಎರಡು ಗೆರೆಗಳ ನಡುವಿನ ಇಂಚುಗಳೇ ನಿಮ್ಮ ಟ್ವಿಸ್ಟ್.

ಒಂದೇ ಸಲ ಅಳೆದು ಬಿಡಬೇಡಿ. ಪ್ಯಾಚ್ ಸಡಿಲವಾಗಿದ್ದರೆ ಗೀರುಗಳ ಮೇಲೆ ಜಾರುತ್ತದೆ. ಆಗ 10 ಇದ್ದದ್ದು 11, 12 ಎಂದು ತೋರುತ್ತದೆ. ಜಾರಿದರೆ ಅಳತೆ ಯಾವಾಗಲೂ ಇರುವುದಕ್ಕಿಂತ ನಿಧಾನದ ಕಡೆಗೇ ತಪ್ಪುತ್ತದೆ. ಬೇರೆ ಬೇರೆ ಅಳತೆ ಬಂದರೆ ಪ್ಯಾಚ್ ಬಿಗಿ ಮಾಡಿ, ಒಂದೇ ಉತ್ತರ ಮತ್ತೆ ಮತ್ತೆ ಬರುವ ತನಕ ಅಳೆಯಿರಿ. ಬ್ಯಾರೆಲ್ ಗಿಡ್ಡ ಇದ್ದರೆ ಅರ್ಧ ಸುತ್ತು ಅಳೆದು ಎರಡರಿಂದ ಗುಣಿಸಿ.

ಗುಂಡಿನ ಉದ್ದ

ತಾವೇ ತುಂಬುವವರಿಗೆ ಇದು ಸುಲಭ. ಕ್ಯಾಲಿಪರ್ ಹಿಡಿದು ಐದಾರು ಗುಂಡು ಅಳೆದು ಸರಾಸರಿ ತೆಗೆದರೆ ಮುಗಿಯಿತು. ಫ್ಯಾಕ್ಟರಿ ತೋಟಾ ಆದರೆ ಗುಂಡಿನ ಅರ್ಧ ಕೇಸಿನೊಳಗೆ ಅಡಗಿರುತ್ತದೆ. ತಯಾರಕರ ಮಾಹಿತಿಯಲ್ಲಿ ಉದ್ದ ಸಿಗುವುದುಂಟು. ಕೆಲವು ಡಬ್ಬಿಗಳ ಮೇಲೆ ಕನಿಷ್ಠ ಇಷ್ಟು ಟ್ವಿಸ್ಟ್ ಬೇಕು ಎಂದೇ ಬರೆದಿರುತ್ತಾರೆ, ಓದಿ. ಇಲ್ಲದಿದ್ದರೆ ಬುಲೆಟ್ ಪುಲ್ಲರ್ ಬಳಸಿ ಒಂದು ತೋಟಾ ಬಿಚ್ಚಬೇಕು. ಇಕ್ಕಳ, ವೈಸ್ ಹಿಡಿದು ಎಳೆಯುವ ಸಾಹಸ ಬೇಡ.

ಒಂದೇ ತೂಕದ ಎರಡು ಗುಂಡು ಉದ್ದದಲ್ಲಿ ಬೇರೆ ಆಗುವುದೇಕೆ? ಸೀಸದ ಸಾಂದ್ರತೆ ನೀರಿನ ಸುಮಾರು 11.3 ಪಟ್ಟು, ತಾಮ್ರದ್ದು 8.9 ಪಟ್ಟು. ಪೂರ್ತಿ ತಾಮ್ರದ ಗುಂಡು ಅದೇ ತೂಕ ಮುಟ್ಟಬೇಕಾದರೆ ಉದ್ದ ಬೆಳೆಯದೆ ಬೇರೆ ದಾರಿ ಇಲ್ಲ, ವ್ಯಾಸ ಹೇಗೂ ಬದಲಾಗುವಂತಿಲ್ಲ. ಜೊತೆಗೆ ಚೂಪು ಮೂತಿ, ಪ್ಲಾಸ್ಟಿಕ್ ತುದಿ, ಸಣ್ಣಗಾಗುತ್ತಾ ಹೋಗುವ ಬೋಟ್‌ಟೇಲ್ ಹಿಂಭಾಗ, ಇವೆಲ್ಲ ಉದ್ದ ಕೂಡಿಸುತ್ತವೆ. ಹಳೇ ಕಾಲದ ರೌಂಡ್‌ನೋಸ್ ಗುಂಡು ಭಾರವಿದ್ದರೂ ಮೋಟು. ಸೀಸ ನಿಷೇಧ ಆದ ಬೇಟೆ ಪ್ರದೇಶಗಳಲ್ಲಿ ಜನ ತಾಮ್ರಕ್ಕೆ ಬದಲಾದಾಗ, ಇಷ್ಟು ವರ್ಷ ಚೆನ್ನಾಗಿದ್ದ ರೈಫಲ್ ಇದ್ದಕ್ಕಿದ್ದಂತೆ ಕೆಟ್ಟಿತು ಅನ್ನಿಸುವುದು ಇದರಿಂದಲೇ. ರೈಫಲ್ ಕೆಟ್ಟಿಲ್ಲ. ತೂಕ ನೋಡಿ ಕೊಂಡರು, ಉದ್ದ ನೋಡಲಿಲ್ಲ.

ಲೆಕ್ಕ

ಬ್ರಿಟನ್ನಿನ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ 1879ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟರು. ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಿದರೆ ಬೇಕಾದ ಟ್ವಿಸ್ಟ್ ಇಂಚಿನಲ್ಲಿ ಬರುತ್ತದೆ. ವೇಗ ಸೆಕೆಂಡಿಗೆ 2800 ಅಡಿ ದಾಟಿದರೆ 150ರ ಬದಲು 180 ಹಾಕುವ ರೂಢಿ ಇದೆ. ಸೀಸದ ಗುಂಡಿಗೆ ಅಂದಾಜು ಹಾಕಲು ಇಂದಿಗೂ ಸಾಕು. ತಾಮ್ರದ ಉದ್ದ ಗುಂಡಿಗೆ ಡಾನ್ ಮಿಲ್ಲರ್ 2005ರಲ್ಲಿ ಪ್ರಕಟಿಸಿದ ಸೂತ್ರವೇ ಮೇಲು. ಅದು ಒಂದು ಸ್ಥಿರತೆಯ ಅಂಕ ಕೊಡುತ್ತದೆ. ಅಂಕ 1ಕ್ಕಿಂತ ಕೆಳಗಿದ್ದರೆ ಗುಂಡು ಮಗುಚುತ್ತದೆ. 1ರಿಂದ 1.4ರ ತನಕ ಅಂಚಿನ ಜಾಗ. 1.5 ಅಥವಾ ಅದಕ್ಕಿಂತ ಮೇಲೆ ಇದ್ದರೆ ನೆಮ್ಮದಿ.

ಕೈಯಲ್ಲಿ ಮಾಡುವುದಾದರೆ ಹೀಗೆ. ಗುಂಡಿನ ತೂಕವನ್ನು ಗ್ರೇನ್ ಎಂಬ ಸಣ್ಣ ಅಳತೆಯಲ್ಲಿ ಹಿಡಿದು 30ರಿಂದ ಗುಣಿಸಿ ಪಕ್ಕಕ್ಕಿಡಿ. ಟ್ವಿಸ್ಟನ್ನು ಗುಂಡಿನ ವ್ಯಾಸದಿಂದ ಭಾಗಿಸಿ ವರ್ಗ ಮಾಡಿ. ಅದನ್ನು ವ್ಯಾಸದ ಘನದಿಂದ ಗುಣಿಸಿ. ಇನ್ನು ಉದ್ದವನ್ನು ವ್ಯಾಸದಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಅದರ ವರ್ಗಕ್ಕೆ 1 ಕೂಡಿಸಿದ್ದರಿಂದ ಗುಣಿಸಿ. ಈ ಎರಡನ್ನೂ ಗುಣಿಸಿ ಬಂದದ್ದರಿಂದ ಪಕ್ಕಕ್ಕಿಟ್ಟ ಸಂಖ್ಯೆಯನ್ನು ಭಾಗಿಸಿ. ಇಂಟರ್ನೆಟ್ಟಿನಲ್ಲಿ ಕ್ಯಾಲ್ಕುಲೇಟರ್‌ಗಳಿವೆ, ಆದರೂ ಒಮ್ಮೆ ಕೈಯಲ್ಲಿ ಮಾಡಿದರೆ ಯಾವುದು ಎಷ್ಟು ಎಳೆಯುತ್ತದೆ ಎಂದು ತಿಳಿಯುತ್ತದೆ.

.308 ವಿಂಚೆಸ್ಟರ್, 1:12 ಬ್ಯಾರೆಲ್ ತೆಗೆದುಕೊಳ್ಳಿ. 150 ಗ್ರೇನಿನ ಸೀಸದ ಸಾಫ್ಟ್‌ಪಾಯಿಂಟ್ (ಮೂತಿಯಲ್ಲಿ ಮೆತ್ತನೆ ಸೀಸ ಕಾಣುವ) ಗುಂಡು 1.10 ಇಂಚು ಉದ್ದ ಇದೆ ಎನ್ನೋಣ. ಅಂಕ ಸುಮಾರು 2.07 ಬರುತ್ತದೆ. ಆರಾಮ. ಈಗ ಅದೇ 150 ಗ್ರೇನಿನ ತಾಮ್ರದ ಗುಂಡು, 1.30 ಇಂಚು. ಅಂಕ 1.28ಕ್ಕೆ ಇಳಿಯುತ್ತದೆ. ತೂಕ ಒಂದು ಗ್ರೇನೂ ಬದಲಾಗಿಲ್ಲ. ಇನ್ನೊಂದು ನೋಡಿ: 180 ಗ್ರೇನಿನ ರೌಂಡ್‌ನೋಸ್, 1.18 ಇಂಚು. ಅಂಕ 2.03. ಮೂವತ್ತು ಗ್ರೇನ್ ಜಾಸ್ತಿ ಭಾರದ ಗುಂಡು ಸಲೀಸಾಗಿ ಹೋಗುತ್ತದೆ, ಹಗುರದ್ದು ಅಂಚಿನಲ್ಲಿ ನಿಲ್ಲುತ್ತದೆ. "ನನ್ನ ರೈಫಲ್ 180 ಹೊಡೆಯುತ್ತೆ, 150 ಯಾಕೆ ಹೊಡೆಯಲ್ಲ?" ಎಂದು ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಇಲ್ಲಿದೆ. ಅದೇ ತಾಮ್ರದ ಗುಂಡನ್ನು 1:10 ಬ್ಯಾರೆಲ್ಲಿಗೆ ಹಾಕಿ. ಅಂಕ 1.84.

ಪ್ಲಾಸ್ಟಿಕ್ ತುದಿಯ ಗುಂಡಿಗೆ ಈ ಸೂತ್ರ ಸ್ವಲ್ಪ ಜಾಸ್ತಿಯೇ ಹೆದರಿಸುತ್ತದೆ. ತುದಿ ಉದ್ದ ಕೂಡಿಸುತ್ತದೆ, ಆದರೆ ಅದರಲ್ಲಿ ತೂಕ ಇಲ್ಲ. ಲೆಕ್ಕಕ್ಕಿಂತ ಗುಂಡು ಒಂದಿಷ್ಟು ಚೆನ್ನಾಗಿಯೇ ನಡೆಯುತ್ತದೆ. ಆದ್ದರಿಂದ ತುದಿ ಇರುವ ಗುಂಡಿಗೆ 1.28 ಬಂದರೆ ಎಸೆಯಬೇಡಿ, ಹೊಡೆದು ನೋಡಿ.

ವೇಗ ಜಾಸ್ತಿ ಮಾಡಿದರೆ ಸರಿಹೋಗುತ್ತದಾ? ಬಹಳ ಜನ ಕೇಳುವ ಪ್ರಶ್ನೆ. ಮೇಲಿನ ಅಂಕಗಳೆಲ್ಲ ಸೆಕೆಂಡಿಗೆ 2800 ಅಡಿ ವೇಗಕ್ಕೆ. ವೇಗದ ಪರಿಣಾಮ ಬರುವುದು ಘನಮೂಲದಲ್ಲಿ. 2800ರಿಂದ 2200ಕ್ಕೆ ಇಳಿಸಿದರೂ 1.28 ಹೋಗಿ 1.18 ಆಗುತ್ತದೆ, ಅಷ್ಟೇ. ಹಾಗಿರುವಾಗ 100 ಅಡಿ ವೇಗ ಕೂಡಿಸಿ ಏನು ಸಿಗುತ್ತದೆ? ಮದ್ದು ಹೆಚ್ಚಿಸಿ ಟ್ವಿಸ್ಟಿನ ಕೊರತೆ ಮುಚ್ಚಲು ಹೋಗಬೇಡಿ. ಒತ್ತಡದ ಮಿತಿ ದಾಟುವುದೊಂದೇ ಅದರ ಫಲ.

ಬೇಸಿಗೆಯಲ್ಲಿ ಸರಿ, ಚಳಿಯಲ್ಲಿ ಕೆಟ್ಟಿತು

ಇದು ಮಜವಾದ ದೋಷ. ಅಂಕ ಅಂಚಿನಲ್ಲಿದ್ದಾಗ ಮಾತ್ರ ಕಾಣಿಸುತ್ತದೆ. ತಣ್ಣನೆ ಗಾಳಿ ದಟ್ಟ. ದಟ್ಟ ಗಾಳಿ ಗುಂಡನ್ನು ಮಗುಚಲು ಜಾಸ್ತಿ ಬಲ ಹಾಕುತ್ತದೆ. ಸೂತ್ರದ ಮೂಲ ಲೆಕ್ಕ ಸಮುದ್ರಮಟ್ಟ, 15 ಡಿಗ್ರಿ ಸೆಲ್ಸಿಯಸ್‌ಗೆ. ಆಗ 1.28 ಇದ್ದದ್ದು ಮೈನಸ್ 20 ಡಿಗ್ರಿಯಲ್ಲಿ ಸುಮಾರು 1.12ಕ್ಕೆ ಬರುತ್ತದೆ. 30 ಡಿಗ್ರಿ ಬಿಸಿಲಲ್ಲಿ 1.34ಕ್ಕೆ ಏರುತ್ತದೆ. ಎತ್ತರದ ಪರಿಣಾಮ ಇನ್ನೂ ಜೋರು. 2000 ಮೀಟರ್ ಎತ್ತರದಲ್ಲಿ ಅದೇ 15 ಡಿಗ್ರಿಗೆ 1.6 ದಾಟುತ್ತದೆ. ಅಂದರೆ ಬೆಟ್ಟದ ಮೇಲೆ ಸ್ಕೋಪ್ ಹೊಂದಿಸಿ, ಒಳ್ಳೆ ಗ್ರೂಪ್ ನೋಡಿ, ಚಳಿಗಾಲದಲ್ಲಿ ಕೆಳಗಿನ ಬಯಲಿಗೆ ಬೇಟೆಗೆ ಹೋದರೆ ಅದೇ ತೋಟಾ ಕೈಕೊಡಬಹುದು. ಬೇಟೆ ನಡೆಯುವ ಜಾಗದ ಅತಿ ಚಳಿಗೆ ಲೆಕ್ಕ ಹಾಕಿ, ಅಭ್ಯಾಸದ ಮೈದಾನದ ಹವೆಗೆ ಅಲ್ಲ.

ಅಮೆರಿಕದ ಸೈನ್ಯದವರಿಗೂ ಈ ಪಾಠ ಆಗಿದೆ. ಮೊದಮೊದಲ ಎಆರ್-15 ರೈಫಲ್‌ಗಳ ಟ್ವಿಸ್ಟ್ 1:14. ಕಡುಚಳಿಯಲ್ಲಿ 55 ಗ್ರೇನಿನ ಗುಂಡು ನಿಲ್ಲುವುದಿಲ್ಲ ಎಂಬ ಕಾರಣಕ್ಕೆ 1960ರ ದಶಕದ ಆರಂಭದಲ್ಲಿ ಅದನ್ನು 1:12 ಮಾಡಿದರು.

ಗುಂಡು ಬದಲಿಸಿ ನೋಡುವ ಪರೀಕ್ಷೆ

ಲೆಕ್ಕ ಏನೇ ಹೇಳಲಿ, ಕೊನೆಯ ಮಾತು ಕಾಗದದ್ದು. ಅದೇ ರೈಫಲ್, ಅದೇ ದಿನ. ತೊಂದರೆ ಕೊಟ್ಟ ಗುಂಡಿಗಿಂತ ಕಾಲಂಶ ಇಂಚಿನಷ್ಟಾದರೂ ಗಿಡ್ಡ ಇರುವ ಗುಂಡಿನ ತೋಟಾ ತನ್ನಿ. ತೂಕ ಒಂದೇ ಇದ್ದರೆ ಇನ್ನೂ ಒಳ್ಳೆಯದು, ಆಗ ಉದ್ದವೊಂದೇ ಬದಲಾದಂತೆ. ಬ್ಯಾರೆಲ್ ತಣ್ಣಗಾಗಲು ಬಿಟ್ಟು ಐದೈದು ಗುಂಡಿನ ಗ್ರೂಪ್ ಹೊಡೆಯಿರಿ. ಗಿಡ್ಡದು ಕೂಡಿಕೊಂಡು ಉದ್ದದ್ದು ಚದುರಿದರೆ, ತೂತುಗಳೂ ಸಾಕ್ಷಿ ಹೇಳಿದರೆ, ಬೇರೆ ಅನುಮಾನ ಬೇಡ. ಎರಡೂ ಚದುರಿದರೆ ಮತ್ತೆ ಕ್ರೌನ್, ಸ್ಕ್ರೂ, ಸ್ಕೋಪ್ ಕಡೆಗೆ ಹೋಗಿ. ಎರಡೂ ದುಂಡು ತೂತು ಮಾಡಿ, ಉದ್ದದ್ದರ ಗ್ರೂಪ್ ಮಾತ್ರ ಚೂರು ದೊಡ್ಡದಾದರೆ ಅದು ಟ್ವಿಸ್ಟ್ ಆಗಿರಲೇಬೇಕಿಲ್ಲ. ಆ ಬ್ಯಾರೆಲ್ಲಿಗೆ ಆ ತೋಟಾ ಹಿಡಿಸಿಲ್ಲ, ಅಷ್ಟೇ. ಕೋವಿಗಳಿಗೂ ಇಷ್ಟಾನಿಷ್ಟ ಇರುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ. ಗುಂಡೂ ಬದಲಿಸಿ, ಸ್ಕೋಪೂ ಬಿಗಿದು, ಬ್ಯಾರೆಲ್ಲೂ ಉಜ್ಜಿ ಹೊಡೆದರೆ ಯಾವುದರಿಂದ ಸರಿಹೋಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಎಲ್ಲಿ ಸಿಕ್ಕಿಬೀಳುತ್ತಾರೆ

ಕೆಲವು ಕ್ಯಾಲಿಬರ್‌ಗಳಲ್ಲಿ ಈ ದೋಷ ಮತ್ತೆ ಮತ್ತೆ ಬರುತ್ತದೆ. .223 ರೆಮಿಂಗ್ಟನ್ ಅದರಲ್ಲಿ ಮೊದಲು. ಅದು 1:12, 1:9, 1:8, 1:7 ಹೀಗೆ ಎಲ್ಲ ಟ್ವಿಸ್ಟಿನಲ್ಲೂ ಸಿಗುತ್ತದೆ. 1:12 ಬೋಲ್ಟ್ ರೈಫಲ್‌ಗೆ 55 ಗ್ರೇನ್ ಸರಿ. 69, 77 ಗ್ರೇನಿನ ಉದ್ದ ಗುಂಡುಗಳಿಗೆ ಅದು ಸಾಲದು. .22-250ರ ಹಳೆಯ 1:14 ಬ್ಯಾರೆಲ್‌ಗಳಲ್ಲಿ 55 ಗ್ರೇನಿನ ಸಪಾಟು ಹಿಂಭಾಗದ ಗುಂಡಿಗೇ ಟ್ವಿಸ್ಟ್ ಕಷ್ಟದಿಂದ ಸಾಲುತ್ತದೆ, ಅಲ್ಲಿ ಉದ್ದನೆಯ ತಾಮ್ರ ಹಾಕುವುದು ಸುಮ್ನೆ ದುಡ್ಡು ದಂಡ.

.270 ವಿಂಚೆಸ್ಟರ್‌ಗೆ ರೂಢಿಯ ಟ್ವಿಸ್ಟ್ 1:10. 130, 150 ಗ್ರೇನಿಗೆ ಅದು ಚೆಂದ. ಈಗ ಅದರ ಗುಂಡಿನ ವ್ಯಾಸವಾದ .277 ಇಂಚಿನಲ್ಲೇ 165, 175 ಗ್ರೇನಿನ ಉದ್ದ ಗುಂಡುಗಳು ಬಂದಿವೆ. ಅವನ್ನು ನೋಡಿ ಆಸೆಪಟ್ಟು ಹಳೇ .270ಗೆ ತುಂಬುವವರಿದ್ದಾರೆ. ಆ ಗುಂಡುಗಳು ಇರುವುದು 2021ರಲ್ಲಿ ಬಂದ 6.8 ವೆಸ್ಟರ್ನ್‌ನಂಥ ಕಾರ್ಟ್ರಿಡ್ಜ್‌ಗಳಿಗೆ. ಅವುಗಳ ಬ್ಯಾರೆಲ್ ಟ್ವಿಸ್ಟ್ 1:8 ಅಥವಾ ಅದಕ್ಕೂ ವೇಗದ್ದು. 6.5 ಕ್ರೀಡ್‌ಮೂರ್ ಇಷ್ಟು ಗೋಳಿಲ್ಲದೆ ನಡೆಯಲು ಕಾರಣವೂ ಅದರ 1:8 ಟ್ವಿಸ್ಟೇ. ಮೊದಲಿನಿಂದಲೂ ಉದ್ದ ಗುಂಡನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದನ್ನು ಮಾಡಿದ್ದಾರೆ.

ಟ್ವಿಸ್ಟ್ ತಪ್ಪಿದರೆ ಒಂದು ಕಾರ್ಟ್ರಿಡ್ಜ್‌ನ ಹಣೆಬರಹವೇ ಬದಲಾಗುತ್ತದೆ ಎಂಬುದಕ್ಕೆ 1955ರ ಕತೆ ಇದೆ. ಆ ವರ್ಷ ವಿಂಚೆಸ್ಟರ್ .243, ರೆಮಿಂಗ್ಟನ್ .244 ಎರಡೂ ಬಂದವು. ಗುಂಡಿನ ವ್ಯಾಸ ಒಂದೇ. ವಿಂಚೆಸ್ಟರ್ 1:10 ಟ್ವಿಸ್ಟ್ ಕೊಟ್ಟು, ಜಿಂಕೆ ಬೇಟೆಗೆ 100 ಗ್ರೇನಿನ ತೋಟಾ ಮಾರಿತು. ರೆಮಿಂಗ್ಟನ್ ಸಣ್ಣ ಪ್ರಾಣಿಗಳ ಬೇಟೆ ನೆನೆದು 1:12 ಕೊಟ್ಟು 90 ಗ್ರೇನಿಗೆ ನಿಲ್ಲಿಸಿತು. ಒಂದೇ ಕೋವಿಯಲ್ಲಿ ಎರಡೂ ಬೇಟೆ ಬೇಕು ಎನ್ನುವವರು .243 ಕಡೆ ಹೋದರು. ರೆಮಿಂಗ್ಟನ್ ಆಮೇಲೆ ಟ್ವಿಸ್ಟನ್ನು 1:9 ಮಾಡಿ, 1963ರಲ್ಲಿ 6 ಮಿ.ಮೀ. ರೆಮಿಂಗ್ಟನ್ ಎಂದು ಹೆಸರೂ ಬದಲಿಸಿತು. ಹೋದ ಗಿರಾಕಿ ಪೂರ್ತಿ ತಿರುಗಿ ಬರಲಿಲ್ಲ. ಹಳೆಯ .244 ರೈಫಲ್ ಕೈಗೆ ಬಂದರೆ ಮೊದಲು ರಾಡ್ ಹಾಕಿ ಅಳೆಯಿರಿ.

ಟ್ವಿಸ್ಟ್ ಜಾಸ್ತಿಯಾದರೆ

ಇದರ ಉಲ್ಟಾ ದೋಷ ಅಪರೂಪ, ಆದರೆ ಕಂಡಾಗ ಗಾಬರಿ ಆಗುತ್ತದೆ. ಹೊಡೆದ ಗುಂಡಿಗೆ ಕಾಗದದಲ್ಲಿ ತೂತೇ ಇಲ್ಲ. ಬೆಳಕು ಸರಿ ಇದ್ದರೆ ದಾರಿ ಮಧ್ಯೆ ಬೂದು ಬಣ್ಣದ ಹೊಗೆ ಎಳೆದಂತೆ ಕಾಣುತ್ತದೆ. ತೆಳು ಜಾಕೆಟ್ಟಿನ (ಹೊರ ಕವಚದ) ಗುಂಡು ಸುತ್ತಿನ ರಭಸ ತಾಳದೆ ಗಾಳಿಯಲ್ಲೇ ಪುಡಿಯಾಗಿದೆ. ಲೆಕ್ಕ ಸುಲಭ: ವೇಗವನ್ನು 720ರಿಂದ ಗುಣಿಸಿ ಟ್ವಿಸ್ಟಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು ಬರುತ್ತದೆ. ಸೆಕೆಂಡಿಗೆ 3600 ಅಡಿ, 1:12 ಬ್ಯಾರೆಲ್ ಆದರೆ ನಿಮಿಷಕ್ಕೆ 2,16,000 ಸುತ್ತು. ಅದೇ ವೇಗ 1:7ರಲ್ಲಿ 3,70,000 ದಾಟುತ್ತದೆ. ಸಣ್ಣ ಪ್ರಾಣಿಗಳ ಮೇಲೆ ಸಿಡಿಯಲೆಂದೇ ಮಾಡಿದ ಹಗುರ ಗುಂಡುಗಳು ಇಷ್ಟಕ್ಕೆ ತಯಾರಿರುವುದಿಲ್ಲ. ಪರಿಹಾರ ಗಟ್ಟಿ ಜಾಕೆಟ್ಟಿನ ಗುಂಡು ಅಥವಾ ಕಮ್ಮಿ ವೇಗ. ಒರಟಾಗಿ ಸವೆದ ಬ್ಯಾರೆಲ್ ಕೂಡ ಜಾಕೆಟ್ ಗೀರಿ ಇದಕ್ಕೆ ಸಹಾಯ ಮಾಡುತ್ತದೆ.

ಇದೊಂದನ್ನು ಬಿಟ್ಟರೆ ಬೇಟೆ ಗುಂಡಿಗೆ ಸುತ್ತು ಸ್ವಲ್ಪ ಜಾಸ್ತಿ ಆದರೆ ಹೇಳುವಂಥ ನಷ್ಟ ಇಲ್ಲ. ಗುಂಡಿನ ಒಳಗೆ ತೂಕ ಒಂದೇ ಸಮ ಹಂಚಿರದಿದ್ದರೆ ಜೋರು ಸುತ್ತು ಆ ದೋಷವನ್ನು ಎತ್ತಿ ತೋರಿಸುತ್ತದೆ. ಮೇಜಿನ ಮೇಲೆ ಕೋವಿ ಇಟ್ಟು ಚಿಕ್ಕ ಗ್ರೂಪಿಗಾಗಿ ಹೊಡೆಯುವ ಬೆಂಚ್‌ರೆಸ್ಟ್ ಸ್ಪರ್ಧಿಗಳು ಅದಕ್ಕೆ ತಲೆ ಕೆಡಿಸಿಕೊಳ್ಳಲಿ.

ಪ್ರಾಣಿಯ ಮೈಯಲ್ಲಿ

"ಅಡ್ಡ ಬಿದ್ದರೂ ಹತ್ತಿರದಿಂದ ಹೊಡೆದರೆ ಆಯ್ತಲ್ವಾ?" ಎನ್ನುವವರಿದ್ದಾರೆ. ಆಗುವುದಿಲ್ಲ. ಬೇಟೆ ಗುಂಡು ಮೂತಿ ಮುಂದಾಗಿ ತಾಗಿದರೆ ಮಾತ್ರ ಅರಳುತ್ತದೆ. ತುದಿಯ ಗುಳಿಗೆ ಮಾಂಸ, ನೀರು ನುಗ್ಗಿ ಅದು ಹೂವಿನ ಹಾಗೆ ಬಿಚ್ಚಿಕೊಳ್ಳಬೇಕು. ವಾಲಿಕೊಂಡು ತಾಗಿದ ಗುಂಡು ಅರಳದೆ, ನೇರವೂ ಹೋಗದೆ, ಎಲ್ಲೋ ತಿರುಗಿಬಿಡುತ್ತದೆ. ಗಾಯಗೊಂಡ ಪ್ರಾಣಿ ಓಡಿಹೋಗುತ್ತದೆ. ಮೈಯೊಳಗೆ ಹೋದ ಮೇಲೆ ಸುತ್ತು ಗುಂಡನ್ನು ಕಾಪಾಡುವುದಿಲ್ಲ. ಮಾಂಸ ಗಾಳಿಗಿಂತ ಎಂಟುನೂರು ಪಟ್ಟಿಗೂ ಹೆಚ್ಚು ದಟ್ಟ, ಅದನ್ನು ಗೆಲ್ಲುವ ಟ್ವಿಸ್ಟ್ ಯಾವ ಬ್ಯಾರೆಲ್ಲಿನಲ್ಲೂ ಇಲ್ಲ. ಅರಳಿದ ಗುಂಡಿನ ಅಗಲ ಮೂತಿಯೇ ಅದನ್ನು ನೇರ ನಡೆಸುವುದು. ಅರಳಬೇಕಾದರೆ ನೆಟ್ಟಗೆ ತಲುಪಬೇಕು. ಕಾಗದದಲ್ಲಿ ಮೊಟ್ಟೆಯಾಕಾರ ತೋರಿದ ತೋಟಾವನ್ನು ಬೇಟೆಗೆ ಒಯ್ಯಬೇಡಿ, ದೂರ ಎಷ್ಟೇ ಹತ್ತಿರ ಇರಲಿ.

ಸರಿಪಡಿಸುವುದು

ಟ್ವಿಸ್ಟೇ ಕಾರಣ ಎಂದು ಖಾತ್ರಿ ಆದ ಮೇಲೆ ದಾರಿ ಎರಡೇ. ಗುಂಡು ಬದಲಿಸಿ, ಇಲ್ಲವೇ ಬ್ಯಾರೆಲ್ ಬದಲಿಸಿ.

ಗುಂಡು ಬದಲಿಸುವುದು ಅಗ್ಗ. ತಾಮ್ರವೇ ಬೇಕಾದರೆ ಸೀಸದಲ್ಲಿ ಹೊಡೆಯುತ್ತಿದ್ದ ತೂಕಕ್ಕಿಂತ ಒಂದು ಮೆಟ್ಟಿಲು ಇಳಿಯಿರಿ. .308ರಲ್ಲಿ 165 ಹೊಡೆಯುತ್ತಿದ್ದವರು 130 ಅಥವಾ 150ಕ್ಕೆ ಬನ್ನಿ. ತಾಮ್ರ ತೂಕ ಕಳೆದುಕೊಳ್ಳದೆ ಒಳಗೆ ಹೋಗುತ್ತದೆ, ಆದ್ದರಿಂದ ಹಗುರ ಎಂದು ಹಿಂಜರಿಯಬೇಕಿಲ್ಲ. ಸೀಸಕ್ಕೆ ಅಡ್ಡಿ ಇಲ್ಲದ ಕಡೆ ಸಪಾಟು ಹಿಂಭಾಗದ ಸಾಫ್ಟ್‌ಪಾಯಿಂಟ್ ತೆಗೆದುಕೊಳ್ಳಿ. ಮುನ್ನೂರು ಗಜದೊಳಗಿನ ಬೇಟೆಗೆ ಬೋಟ್‌ಟೇಲ್‌ನಿಂದ ಆಗುವ ಲಾಭ ಅಷ್ಟರಲ್ಲೇ ಇದೆ.

ಬ್ಯಾರೆಲ್ ಹೇಗೂ ಸವೆದಿದ್ದರೆ, ಅಥವಾ ಉದ್ದ ಗುಂಡೇ ಬೇಕು ಎಂಬ ಹಟ ಇದ್ದರೆ, ಹೊಸದು ಹಾಕಿಸಿ. ಆಗ ಕೋವಿ ಕೆಲಸದವರಿಗೆ ಕ್ಯಾಲಿಬರ್ ಹೆಸರು ಹೇಳಿ ಸುಮ್ಮನಾಗಬೇಡಿ. ಮುಂದೆ ಬಳಸಬಹುದಾದ ಅತಿ ಉದ್ದದ ಗುಂಡು ಯಾವುದು, ಅದರ ಉದ್ದ ಎಷ್ಟು, ಬೇಟೆ ಜಾಗದ ಚಳಿ ಎಷ್ಟು ಎಂದು ಬರೆದುಕೊಡಿ. ಆ ಮೂರಕ್ಕೂ ಲೆಕ್ಕ ಹಾಕಿ 1.5ಕ್ಕಿಂತ ಮೇಲೆ ಬರುವ ಟ್ವಿಸ್ಟ್ ಕೇಳಿ. ಎರಡು ಟ್ವಿಸ್ಟಿನ ನಡುವೆ ಅನುಮಾನ ಬಂದರೆ ವೇಗದ್ದನ್ನೇ ತೆಗೆದುಕೊಳ್ಳಿ. ಬ್ಯಾರೆಲ್ ಕೂರಿಸಿ ತಂದ ದಿನವೇ, ಒಂದು ಗುಂಡು ಹೊಡೆಯುವ ಮೊದಲು, ರಾಡ್ ಹಾಕಿ ಅಳೆದು ಸ್ಟಾಕಿನ ಒಳಬದಿಗೆ ಒಂದು ಚೀಟಿ ಅಂಟಿಸಿಡಿ.